ಹುಳಿ ಮುಟ್ಟಿದ ಕಲ್ಲು

"ಪಾಪ, ಹಳೇ ಕಾಲದವರು. ಅವರಿಗೆ ಹೇಗೆ ಗೊತ್ತಾಗತ್ತೆ ಹೇಳಿ," ಎಂದು ಮೇಲಿನ ಮನೆಯಾಕೆ ಅಡುಗೆಕಟ್ಟೆಗೆ ಹಾಸಿದ್ದ ಹೂವಿನ ಚಿತ್ತಾರದ ಪ್ಲಾಸ್ಟಿಕ್ ಹಾಳೆಯ ಮೂಲೆಯನ್ನು ಎರಡೇ ಬೆರಳಲ್ಲಿ, ಸತ್ತ ಇಲಿಯನ್ನು ಬಾಲ ಹಿಡಿದೆತ್ತುವ ಹಾಗೆ ಎತ್ತಿ, ಕೆಳಗೆ ಇಣುಕಿದಳು. 'ಅವರು' ಅನ್ನಿಸಿಕೊಂಡ ಅಕ್ಕ ಅಲ್ಲೇ, ಕೈಚಾಚಿದರೆ ಆಕೆಯ ಜಡೆ ಸಿಗುವಷ್ಟು ಹತ್ತಿರದಲ್ಲಿ, ತೊಳೆದ ಚಮಚಗಳನ್ನು ಒರೆಸುತ್ತ ನಿಂತಿದ್ದಳು. ಒರೆಸಿದ ಚಮಚವನ್ನೇ ಮತ್ತೊಮ್ಮೆ ಒರೆಸಿದಳು. ಎದುರಿಗೇ ಇರುವ ಮನುಷ್ಯರ ಬಗ್ಗೆ ಹೀಗೆ 'ಅವರಿಗೆ' 'ಅವರಿಂದ' ಎಂದು ಮಾತಾಡುವುದು ಇಬ್ಬರ ವಿಷಯದಲ್ಲಿ ಮಾತ್ರ, ಒಂದು ಕೂಸು, ಇನ್ನೊಂದು ಹಾಸಿಗೆ ಹಿಡಿದವರು. ತಾನು ಇವೆರಡರಲ್ಲಿ ಯಾವುದು ಎಂದು ಕೇಳಿಬಿಡಬೇಕು ಅನ್ನಿಸಿತು. ಅಷ್ಟರಲ್ಲಿ ತಮ್ಮನ ಹೆಂಡತಿ ತಟ್ಟನೆ, "ಇಲ್ಲ ಇಲ್ಲ, ಅಕ್ಕ ಒಳ್ಳೇದಕ್ಕೇ ಅಂತ ಮಾಡಿದ್ದು," ಎಂದಳು. ಆ 'ಒಳ್ಳೇದಕ್ಕೇ' ಅನ್ನುವ ಮಾತು ಚಪ್ಪಲಿಯೊಳಗೆ ಸೇರಿಕೊಂಡ ಕಲ್ಲಿನ ಹಾಗೆ ಅಕ್ಕನಿಗೆ ಒತ್ತತೊಡಗಿತು.

ಹಾಳೆಯ ಕೆಳಗಿನ ಅಮೃತಶಿಲೆ ಒಲೆಯ ಪಕ್ಕದಿಂದ ಕಿಟಕಿಯವರೆಗೆ ಮಂಕಾಗಿತ್ತು. ಒಡೆದಿರಲಿಲ್ಲ, ಬಣ್ಣ ಹತ್ತಿರಲಿಲ್ಲ. ಹೊಳೆಯುವ ಬಿಳಿಯ ನಡುವೆ ಹೊಳೆಯದ ಬಿಳಿ, ಅಷ್ಟೇ. ಬೆಳಕು ಅಡ್ಡ ಬಿದ್ದರೆ ಕೈ ಆಡಿದ ಗುರುತುಗಳೆಲ್ಲ, ಉಜ್ಜಿದ ಸುತ್ತು ಸುತ್ತುಗಳೆಲ್ಲ ಕಾಣುತ್ತಿದ್ದವು. ಯಾರೋ ಕುಳಿತು ಶ್ರದ್ಧೆಯಿಂದ ಒಂದು ತಪ್ಪನ್ನು ಬರೆದಿಟ್ಟ ಹಾಗೆ. "ಅಯ್ಯೋ, ನಿಂಬೆಹುಳಿ ಅಂದ್ರೆ ಮಾರ್ಬಲ್‌ಗೆ ವಿಷ ಕಣ್ರೀ," ಎಂದು ಮೇಲಿನ ಮನೆಯಾಕೆ ನಾಲಿಗೆ ಲೊಚಗುಟ್ಟಿದಳು. "ಮೇಲಿನ ನುಣುಪನ್ನ ತಿಂದೇ ಹಾಕತ್ತೆ. ನನ್ನ ಫೋನಲ್ಲಿ ಒಬ್ಬಳು ಬರ್ತಾಳೆ, ಏನ್ ಚೆನ್ನಾಗಿ ತೋರಿಸ್ತಾಳೆ ಅಂತೀರಿ. ಅಡುಗೆ ಸೋಡಾನ ಮೊಸರಿನ ಹದಕ್ಕೆ ಕಲಸಿ, ಮೆತ್ತಿ..."

"ಮೆತ್ತಿದ್ದಾಯ್ತು."

"ಹಲ್ಲುಜ್ಜೋ ಪೇಸ್ಟು?"

"ಅದೂ ಆಯ್ತು. ಕಲೆ ಹೋಗ್ಲಿಲ್ಲ, ಅಡುಗೆಮನೆಯ ಬಾಯಿ ವಾಸನೆ ಮಾತ್ರ ಹೋಯ್ತು," ಎಂದು ತಮ್ಮನ ಹೆಂಡತಿ ನಕ್ಕಳು. ಇಬ್ಬರೂ ನಕ್ಕರು. ನಗು ಮುಗಿಯುತ್ತಿದ್ದ ಹಾಗೆ ಮೇಲಿನ ಮನೆಯಾಕೆ ಅಕ್ಕನ ಕಡೆ ತಿರುಗಿ, ಕಿವಿ ಮಂದವಾದವರಿಗೆ ಹೇಳುವಂತೆ ದನಿ ಏರಿಸಿ, "ದೊಡ್ಡಮ್ಮಾ, ಬೇಜಾರು ಮಾಡ್ಕೋಬೇಡಿ. ನಿಮಗೆ ಒರೆಸೋಕೆ ಇಷ್ಟ ಅಂತಾದ್ರೆ ಕಿಟಕಿ ಗಾಜು ಒರೆಸಿ. ಹಳೇ ಪೇಪರ್ ಒದ್ದೆ ಮಾಡಿ ಒರೆಸಿದ್ರೆ ಕನ್ನಡಿ ಥರ ಆಗತ್ತೆ. ಮರದ ಕುರ್ಚಿಗೆ ಎರಡು ಹನಿ ಎಣ್ಣೆ, ಮೆತ್ತನೆ ಬಟ್ಟೆ. ಒಂದು ಕಾಸು ಖರ್ಚಿಲ್ಲ. ಈ ಕಲ್ಲಿನ ತಂಟೆ ಮಾತ್ರ ಬೇಡ," ಎಂದಳು. ದೊಡ್ಡಮ್ಮ. ಆಕೆಗೂ ತನಗೂ ಹೆಚ್ಚೆಂದರೆ ಐದಾರು ವರ್ಷ ಅಂತರ. ಕೂದಲಿಗೆ ಬಣ್ಣ ಹಚ್ಚಿದವಳು ಮಗಳಾದಳು, ಹಚ್ಚದವಳು ದೊಡ್ಡಮ್ಮ ಆದಳು. ಅಕ್ಕನ ಬಾಯಿಂದ ಬಂದದ್ದು "ಹೌದಾ" ಎಂಬ ಒಂದೇ ಮಾತು. ಹೊಸ ವಿಷಯ ಕೇಳಿದವರ ದನಿಯಲ್ಲಿ, ಸ್ವಲ್ಪ ಬೆರಗನ್ನೂ ಬೆರೆಸಿ. ಆ ಬೆರಗು ತನ್ನೊಳಗೆ ಎಲ್ಲಿಂದ ಬಂತು, ಯಾವಾಗ ಇದನ್ನೆಲ್ಲ ಕಲಿತೆ ಎಂದು ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ಅಂಗಡಿಯಲ್ಲಿ ಅವಳು ಯಾರಿಗೂ 'ಹೌದಾ' ಅಂದವಳಲ್ಲ. ಅಪ್ಪನ ಕಾಲದಿಂದ ಪಾತ್ರೆಗೆ ಹೊಳಪು ಕೊಡುವ ಅಂಗಡಿ. ಹಿತ್ತಾಳೆ, ತಾಮ್ರ, ಬೀಗದ ಕೈ, ಬಾಗಿಲ ಹಿಡಿ, ವಾದ್ಯದವರ ತುತ್ತೂರಿ, ಯಾವುದೂ ಅವರಿಗೆ ವರ್ಜ್ಯವಲ್ಲ. ನಿಂಬೆಯ ಹೋಳಿಗೆ ಪುಡಿಯುಪ್ಪು ಅದ್ದಿ ಉಜ್ಜು, ತೊಳೆ, ಬೂದಿ ಹಾಕಿ ಉಜ್ಜು, ತೊಳೆ, ಒಣಬಟ್ಟೆ. ಆ ಮನೆಯಲ್ಲಿ ಹುಳಿ ಅನ್ನುವುದು ದೇವರ ಪಕ್ಕದ ಸ್ಥಾನದಲ್ಲಿತ್ತು. ನೆಲ ಜಿಡ್ಡಾದರೆ ಹುಳಿ, ಬಟ್ಟೆಗೆ ತುಕ್ಕು ಹತ್ತಿದರೆ ಹುಳಿ, ಮಕ್ಕಳ ಕೈಗೆ ಶಾಯಿ ಆದರೂ ಹುಳಿ. ಯಾರಾದರೂ ಒಂದು ಪಾತ್ರೆ ತಂದು ಇದು ಅಪ್ಪಟವೋ ಮೇಲಿನ ಲೇಪವೋ ಎಂದು ಕೇಳಿದರೆ ಅಪ್ಪ ಮೂಲೆಯಲ್ಲಿ ಒಂದು ಹನಿ ಹಿಂಡಿ, "ಹುಳಿ ಮುಟ್ಟಿದ ಮೇಲೆ ಸುಳ್ಳು ನಿಲ್ಲಲ್ಲ, ಕೂತ್ಕೊಳ್ಳಿ," ಎಂದು ಬೀಡಿ ಹಚ್ಚುತ್ತಿದ್ದ. ಅವರ ಮನೆಯವರು ಇಂಥ ಕಲ್ಲನ್ನು ಕಂಡವರಲ್ಲ. ಕಂಡದ್ದು ಒರಳುಕಲ್ಲು, ಒಗೆಯುವ ಕಲ್ಲು, ಏನು ಸುರಿದರೂ ಸುಮ್ಮನಿರುವ ಕಲ್ಲು. ಹುಳಿ ಬಿದ್ದರೆ ಕಲ್ಲು ಕರಗುತ್ತದೆ ಎಂದು ಅಪ್ಪನಿಗೆ ಹೇಳಿದ್ದರೆ, ಹಾಗಾದರೆ ಅದು ಕಲ್ಲಲ್ಲ ಬಿಡು, ಸುಳ್ಳು, ಅನ್ನುತ್ತಿದ್ದ. ರಸ್ತೆ ಅಗಲ ಮಾಡುವವರು ಬಂದು ಅಂಗಡಿಯ ಎದೆಯ ಭಾಗವನ್ನೇ ಕತ್ತರಿಸಿ, ಹಿಂಬದಿಯ ಒಂದು ಗೋಡೆಯನ್ನೂ ಮೊಳೆಗಳನ್ನೂ ಉಳಿಸಿದ ಮೇಲೆ ತಮ್ಮ ಬಂದು, "ಸಾಕಕ್ಕಾ, ಇನ್ನು ಆರಾಮಾಗಿರು," ಎಂದು ಕರೆತಂದಿದ್ದ. ಆರಾಮ. ಕೈಗಳು ತೊಡೆಯ ಮೇಲೆ ಬಿದ್ದುಕೊಂಡಿರುವುದನ್ನು ನೋಡುತ್ತ ಕೂರುವುದಕ್ಕೆ ಆ ಹೆಸರು. ಬೆರಳ ಸಂದಿಯಲ್ಲಿ ಉಳಿದಿದ್ದ ಕಪ್ಪು ಕೂಡ ಈ ಮನೆಯ ಸೋಪಿಗೆ ಮೆಲ್ಲಗೆ ಬಿಟ್ಟುಹೋಗುತ್ತಿತ್ತು.

"ಅಕ್ಕ, ನೀವು ಕೂತ್ಕೊಳ್ಳಿ, ಎಷ್ಟೊತ್ತು ನಿಲ್ತೀರಿ," ಎಂದು ತಮ್ಮನ ಹೆಂಡತಿ ಅವಳ ಕೈಯಿಂದ ಚಮಚದ ಕಟ್ಟನ್ನು ಮೆತ್ತಗೆ ತೆಗೆದುಕೊಂಡಳು. ಕಿಟಕಿಯ ಬಳಿ ಒಂದು ಕುರ್ಚಿ ಬಂದಿತ್ತು, ಕಲ್ಲು ಮಂಕಾದ ಮರುದಿನವೇ. ಅದರ ಮೇಲೊಂದು ದಿಂಬು. ಸಿಂಕಿನ ಕೆಳಗಿದ್ದ ಬಾಟಲಿಗಳು, ಪುಡಿಗಳು, ತಿಕ್ಕುವ ನಾರು ಎಲ್ಲವೂ ಅಂದೇ ಮೇಲಿನ ಅಟ್ಟಣಿಗೆಗೆ ಹತ್ತಿದ್ದವು. ಔಷಧಿಯನ್ನು ಮಕ್ಕಳ ಕೈಗೆ ಸಿಗದಂತೆ ಇಡುತ್ತಾರಲ್ಲ, ಹಾಗೆ. ಯಾರೂ ಬೈಯಲಿಲ್ಲ. ತಮ್ಮ ಕೆಲಸದಿಂದ ಬಂದು ಹಾಳೆ ಎತ್ತಿ ನೋಡಿ, "ಕಲ್ಲು ತಾನೇ ಅಕ್ಕಾ, ಹೋದ್ರೆ ಹೋಯ್ತು," ಎಂದು, ಊಟಕ್ಕೆ ಕೂತು, ಉಪ್ಪು ಕಮ್ಮಿ ಎಂದ. ಹೆಂಡತಿ, "ಪರವಾಗಿಲ್ಲ, ಅಕ್ಕನಿಗೆ ಗೊತ್ತಿರಲಿಲ್ಲ," ಎಂದು ಕಲ್ಲಿಗೂ ಉಪ್ಪಿಗೂ ಸೇರಿಸಿ ಹೇಳಿದಳು. ಅಂದಿನಿಂದ ಇದೊಂದು ಮಂತ್ರ. ತರಕಾರಿಯವನಿಗೂ ಬೇಕಾದರೆ ಹೇಳುತ್ತಾಳೆ, ಅಕ್ಕನಿಗೆ ಗೊತ್ತಿರಲಿಲ್ಲ. ಅವಳ ದನಿಯಲ್ಲಿ ಒಂದೇ ಒಂದು ಮುಳ್ಳಿದ್ದರೂ ಅಕ್ಕ ಅದನ್ನು ಹಿಡಿದು ಜಗಳ ತೆಗೆಯುತ್ತಿದ್ದಳು. ಮುಳ್ಳಿರಲಿಲ್ಲ. ಎಣ್ಣೆ ಹಚ್ಚಿದ ಹಾಗೆ ನುಣುಪು. ಎಲ್ಲಿ ಹಿಡಿದರೂ ಕೈ ಜಾರುತ್ತಿತ್ತು.

ಗೊತ್ತಿರಲಿಲ್ಲವೇ. ಆ ಬೆಳಿಗ್ಗೆ ಅವಳು ನಿಂಬೆ ಹೋಳು ಕೈಗೆ ತೆಗೆದುಕೊಂಡಾಗ ನಿಜಕ್ಕೂ ಗೊತ್ತಿರಲಿಲ್ಲ. ಒಲೆಯ ಪಕ್ಕ ಅರಿಶಿನದ ಕಲೆಯಿತ್ತು, ಕೈ ತಾನಾಗಿ ನಿಂಬೆಗೆ ಹೋಯಿತು, ಉಪ್ಪಿಗೆ ಹೋಯಿತು, ಅಪ್ಪನ ಮನೆಯ ಕೈ ಅದು. ಹಾಲ್‌ನಿಂದ ತಮ್ಮನ ಹೆಂಡತಿ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದಳು. "ಇಲ್ಲಪ್ಪಾ, ತೊಂದರೆ ಏನಿಲ್ಲ. ಸುಮ್ನೆ ಕೂರಕ್ಕಾಗಲ್ಲ ಅವರಿಗೆ, ಏನಾದ್ರೊಂದು ಒರೆಸ್ತಾ ಇರ್ತಾರೆ. ಇರ್ಲಿ ಅಂತ ಬಿಟ್ಟಿದೀನಿ. ಅವರಿಗೂ ಹೊತ್ತು ಹೋಗ್ಬೇಕಲ್ಲ." ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಅದೇ ಕೆಟ್ಟದ್ದು. ಹೊತ್ತು ಹೋಗಬೇಕು. ಸಂಜೆ ಕಣ್ಣು ಕಾಣದಂತಾಗುವವರೆಗೆ ಉಜ್ಜಿ, ಭುಜದ ಕೀಲು ಸವೆಸಿಕೊಂಡು, ಊರವರೆಲ್ಲ ತಮ್ಮ ಮುಖ ನೋಡಿಕೊಳ್ಳುವ ಹಾಗೆ ಪಾತ್ರೆ ತಿಕ್ಕಿಕೊಟ್ಟ ಕೈಗಳು ಈ ಮನೆಯಲ್ಲಿ ಹೊತ್ತು ಕಳೆಯುತ್ತಿವೆ. ಇರಲಿ ಅಂತ ಬಿಟ್ಟಿದ್ದಾರೆ. ನಿಂಬೆ ಕಲ್ಲಿನ ಮೇಲೆ ಓಡಿತು. ಒಂದು ಸುತ್ತು, ಎರಡನೇ ಸುತ್ತು. ಅಷ್ಟರಲ್ಲಿ ಅಂಗೈಗೆ ತಿಳಿಯಿತು. ಗಾಜಿನ ಮೇಲೆ ಜಾರುತ್ತಿದ್ದ ಕೈ ಸೀಮೆಸುಣ್ಣದ ಮೇಲೆ ಎಳೆದ ಹಾಗೆ ತಡೆಯಿತು. ಕಣ್ಣು ತಪ್ಪಬಹುದು, ಈ ಅಂಗೈ ತಪ್ಪಿದ್ದಿಲ್ಲ. ಕೈ ನಿಂತಿತು. ನಿಂತಿತ್ತು, ಅದು ಅವಳಿಗೆ ಚೆನ್ನಾಗಿ ನೆನಪಿದೆ. ಆಗ ಹಾಲ್‌ನಿಂದ ಒಂದು ನಗು ಬಂತು, ಆ ನಗು ಯಾವುದಕ್ಕೋ ಏನೋ, ಅವಳಿಗೆ ಬೇಕಾಗಿಯೂ ಇರಲಿಲ್ಲ, ಕೈ ಮತ್ತೆ ಹೊರಟಿತು. ಒಲೆಯಿಂದ ಕಿಟಕಿಯವರೆಗೆ. ಹೊಸ ಹೋಳು ಕತ್ತರಿಸಿಕೊಂಡು. ಭುಜ ನೋಯುವವರೆಗೆ. ಅಂಗಡಿ ಮುಚ್ಚಿದ ಮೇಲೆ ಅಷ್ಟು ಚೆನ್ನಾಗಿ ಅವಳು ಯಾವ ಕೆಲಸವನ್ನೂ ಮಾಡಿರಲಿಲ್ಲ.

ಈಗ ಅವಳು ಹೋಗಬೇಕಾದ ಕಡೆಗೆಲ್ಲ ಈ ಕ್ಷಮೆ ಅಡ್ಡ ನಿಂತಿತ್ತು. ಗೊತ್ತಿರಲಿಲ್ಲ ಎಂದು ಒಪ್ಪಿದರೆ ದಡ್ಡಿ. ಅದೂ ಯಾವುದರಲ್ಲಿ, ಉಜ್ಜುವುದರಲ್ಲಿ. ಹುಟ್ಟಿದಂದಿನಿಂದ ಮಾಡಿದ್ದು ಅದೊಂದೇ, ಅದರಲ್ಲೂ ದಡ್ಡಿ. ಗೊತ್ತಿತ್ತು ಎಂದರೆ, ಉಂಡ ಮನೆಯ ಜಂತಿ ಎಣಿಸಿದವಳಲ್ಲ, ಜಂತಿಯನ್ನೇ ಕಡಿದವಳು. ಎರಡರ ನಡುವೆ ದಿಂಬಿನ ಕುರ್ಚಿ. ಅದರ ಮೇಲೆ ಕೂತು, ಕಾಫಿ ಕೈಗೆ ಬಂದಾಗ ಕುಡಿದು, ಲೋಟವನ್ನು ಅವರೇ ತೆಗೆದುಕೊಂಡು ಹೋಗುವುದನ್ನು ನೋಡುತ್ತ, ದಿನಕ್ಕೊಂದಿಷ್ಟು ಅತಿಥಿಯಾಗುತ್ತ ಹೋಗುವುದು. ಅತಿಥಿಗೆ ಒಂದು ದಿನ ಹೊರಡುವುದಾದರೂ ಇರುತ್ತದೆ. ಇವಳಿಗೆ ಹೊರಡುವ ಊರಿಲ್ಲ. ಅತಿಥಿಗಿರುವ, ಕೆಲಸವಿಲ್ಲದೆ ಕೂರುವ ಹಕ್ಕು ಇವಳಿಗೆ ಬೇಕೂ ಇಲ್ಲ. ಮೊನ್ನೆ ಅವಳು ಎಲ್ಲರಿಗಿಂತ ಮೊದಲೆದ್ದು ಅಡುಗೆಮನೆಗೆ ಹೋಗಿ, ಏನೂ ಮುಟ್ಟದೆ, ಸುಮ್ಮನೆ ನಿಂತು ಬಂದಿದ್ದಳು. ಆ ನಿಂತದ್ದನ್ನೂ ಯಾರಾದರೂ ನೋಡಿದರೇನೋ ಎಂದು ಹಿಂದೆ ತಿರುಗಿ ನೋಡಿದ್ದಳು. ಯಾರದೋ ಮನೆಗೆ ಕನ್ನ ಹಾಕಲು ಬಂದವರ ಹಾಗೆ.

ಮೇಲಿನ ಮನೆಯಾಕೆ ಹೊರಡುವ ಮೊದಲು ಬಾಗಿಲಲ್ಲಿ ಇನ್ನೊಂದಿಷ್ಟು ಹೊತ್ತು ನಿಂತಳು. ಹೊರಡುತ್ತೇನೆ ಎಂದ ಮೇಲೆಯೇ ಆಕೆಯ ನಿಜವಾದ ಮಾತು ಶುರು. "ನಮ್ಮತ್ತೆನೂ ಹೀಗೇ ಕಣ್ರೀ. ಕೊನೇ ಕಾಲಕ್ಕೆ ಫ್ರಿಜ್ಜನ್ನ ಸೀಮೆಎಣ್ಣೆ ಹಾಕಿ ಒರೆಸಿಟ್ಟಿದ್ರು. ಹಾಲೆಲ್ಲ ಬಸ್‌ಸ್ಟ್ಯಾಂಡ್ ವಾಸನೆ. ಬೈಯಕ್ಕಾಗತ್ತಾ? ಚಿಕ್ಕ ಮಕ್ಕಳ ಥರ ನೋಡ್ಕೋಬೇಕು ಅಷ್ಟೇ. ನೀವು ಬಿಡಿ, ನೀವು ತುಂಬಾ ಒಳ್ಳೆಯವರು. ಬೇರೆಯವಳಾಗಿದ್ರೆ..." ಬೇರೆಯವಳಾಗಿದ್ದರೆ ಏನು ಮಾಡುತ್ತಿದ್ದಳು ಎಂಬುದನ್ನು ಹುಬ್ಬಿನಲ್ಲೇ ಹೇಳಿ, ಮೆಟ್ಟಿಲು ಹತ್ತಿದಳು. ಅಕ್ಕ ಕುರ್ಚಿಯಲ್ಲಿ ಕೂತಲ್ಲೇ ಎಲ್ಲವನ್ನೂ, ನಡುನಡುವೆ ತಮ್ಮನ ಹೆಂಡತಿ 'ಹೂಂ' ಅಂದದ್ದನ್ನೂ ಕೇಳಿಸಿಕೊಂಡಳು. ಕಿವಿ ಮಂದ ಎಂದುಕೊಂಡವರಿಗೆ ಪಿಸುಮಾತಿನ ಅಂದಾಜು ತಪ್ಪುತ್ತದೆ.

ತಮ್ಮನ ಹೆಂಡತಿ ಒಳಗೆ ಬಂದು, ಹಾಳೆಯ ಎದ್ದ ಮೂಲೆಯನ್ನು ಅಂಗೈಯಲ್ಲಿ ಒತ್ತಿ ಸರಿಮಾಡಿದಳು. "ಆಕೆ ಮಾತು ಮನಸ್ಸಿಗೆ ಹಚ್ಕೋಬೇಡಿ ಅಕ್ಕ. ಬಾಯಿ ಸ್ವಲ್ಪ ಜಾಸ್ತಿ. ನಿಮಗೆ ಗೊತ್ತಿರಲಿಲ್ಲ..."

"ಗೊತ್ತಿತ್ತು."

"ಏನು?"

"ಕಲ್ಲು ಹಾಳಾಗ್ತಿದೆ ಅಂತ ಗೊತ್ತಿತ್ತು."

ತಮ್ಮನ ಹೆಂಡತಿ ನಕ್ಕಳು. ಅಕ್ಕ ಎಣಿಸಿದ್ದ ಎಲ್ಲ ಸಾಧ್ಯತೆಗಳಲ್ಲಿ ಇದೊಂದು ಇರಲಿಲ್ಲ. "ಬಿಡೀಪ್ಪಾ. ಆಕೆ ಏನೋ ಅಂದಳು ಅಂತ ನೀವು ಹೀಗೆಲ್ಲ ಮೈಮೇಲೆ ಹಾಕ್ಕೋಬೇಡಿ. ಕಾಫಿ ಮಾಡ್ಲಾ?" ಎಂದು ಪಾತ್ರೆಗೆ ಕೈ ಹಾಕಿದಳು. ನಂಬುವುದೂ ಇಲ್ಲ. ಕೆಟ್ಟವಳಾಗುವ ಯೋಗ್ಯತೆಯನ್ನೂ ಈ ಮನೆಯಲ್ಲಿ ಅವಳಿಗೆ ಕೊಡುವುದಿಲ್ಲ. ಅಕ್ಕ ಕುರ್ಚಿಯಿಂದ ಎದ್ದಳು, ದಿಂಬು ಕೆಳಗೆ ಬಿತ್ತು, ಎತ್ತಲಿಲ್ಲ.

"ಕಾಫಿ ಇರ್ಲಿ, ಇಲ್ಲಿ ಕೇಳು. ಎರಡನೇ ಸುತ್ತಿಗೇ ನನ್ನ ಕೈಗೆ ಗೊತ್ತಾಯ್ತು. ನುಣುಪು ಹೋಗಿ ತರಿತರಿ ಬಂತು. ಪಾತ್ರೆ ತಿಕ್ಕಿ ಬೆಳೆದ ಕೈ ಕಣೆ ಇದು, ಇದಕ್ಕೆ ಗೊತ್ತಾಗಲ್ಲ ಅಂತೀಯಾ? ನಿಲ್ಲಿಸ್ದೆ. ಆಮೇಲೆ ಮತ್ತೆ ಉಜ್ದೆ. ಕಿಟಕಿ ತನಕ ಉಜ್ದೆ. ಬೇಕೂ ಅಂತ."

ಪಾತ್ರೆ ಹಿಡಿದ ಕೈ ಹಾಗೇ ನಿಂತಿತು. "ಯಾಕೆ?"

"ನೀನು ಫೋನಲ್ಲಿ ಅಂದೆ. ಅವರಿಗೂ ಹೊತ್ತು ಹೋಗ್ಬೇಕಲ್ಲ, ಅಂದೆ."

ತಮ್ಮನ ಹೆಂಡತಿಯ ಮುಖದಲ್ಲಿ ಮೊದಲು ನೆನಪು ಹುಡುಕುವ ಗಂಟು, ಆಮೇಲೆ ನೆನಪಾದದ್ದರ ಕೆಂಪು. ಅವಳು ಪಾತ್ರೆಯನ್ನು ಕೆಳಗಿಟ್ಟ ಸದ್ದಿಗೆ ಹಾಲ್‌ನಲ್ಲಿ ತಮ್ಮ ಟಿವಿಯ ದನಿ ಕಡಿಮೆ ಮಾಡಿದ. ರಜೆಯ ದಿನ, ಬೆಳಗಿನಿಂದ ಅವನು ಅಲ್ಲೇ ಬೇರು ಬಿಟ್ಟು ಕೂತಿದ್ದ.

"ಈ ಮನೆಯಲ್ಲಿ ನಾನು ಆರಿಸಿದ್ದು ಇದೊಂದೇ, ಗೊತ್ತಾ ನಿಮಗೆ?" ಎಂದಳು. ಅವಳ ದನಿ ಏರಿರಲಿಲ್ಲ, ಆದರೆ ಎಣ್ಣೆ ಹೋಗಿತ್ತು. "ಗೋಡೆ ಬಣ್ಣ ನಿಮ್ಮ ತಮ್ಮನದ್ದು, ಬಾಗಿಲು ಅವರದ್ದು, ಆ ದರಿದ್ರ ಸೋಫಾ ಅವರದ್ದು. ಕರಿ ಕಲ್ಲು ಹಾಕು, ಕೊಳೆ ಕಾಣಲ್ಲ ಅಂತ ಎಷ್ಟು ಕುಣಿದ್ರು. ನಾನು ಕಲ್ಲಿನ ಅಂಗಡಿಗೆ ಹೋಗಿ, ಬಿಸಿಲಲ್ಲಿ ನಿಂತು, ಒಂದೊಂದು ಚಪ್ಪಡಿ ಮೇಲೂ ನೀರು ಚಿಮುಕಿಸಿ ನೋಡಿ ತಂದದ್ದು ಇದು. ಒಂದು ಬಿಸಿ ಪಾತ್ರೆ ಇಟ್ಟಿಲ್ಲ ಇದರ ಮೇಲೆ. ಹೆಚ್ಚುವಾಗ ಮಣೆ, ಲೋಟ ಇಟ್ರೆ ಕೆಳಗೊಂದು ಬಟ್ಟೆ. ಮಂಕಾದ ದಿನ ನಾನು ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಅತ್ತಿದೀನಿ. ನಿಮಗೆ ನೋವಾಗ್ಬಾರ್ದು ಅಂತ. ಅಲ್ಲಿಂದ ಎದ್ದು ಬಂದು ಪರವಾಗಿಲ್ಲ ಅಕ್ಕ ಅಂದಿದೀನಿ. ಎಲ್ಲಾರ ಹತ್ರ ಅಂದಿದೀನಿ. ನೀವು ಬೇಕೂ ಅಂತ ಮಾಡಿದ್ರಾ?"

"ಹೂಂ."

"ನಾಚಿಕೆ ಆಗ್ಬೇಕು ನಿಮಗೆ."

"ಆಗಿದೆ. ಅದಕ್ಕೇ ಹೇಳ್ತಿರೋದು. ನಿನಗೆ ಆಗಿದೆಯಾ?"

"ನನಗ್ಯಾಕೆ? ನಾನು ಯಾರ ಮನೆ ಹಾಳ್ಮಾಡ್ದೆ?"

"ಬಾಟಲಿಗಳನ್ನ ಅಟ್ಟಕ್ಕೆ ಏರಿಸಿದೀಯಲ್ಲ. ನನ್ನ ಕೈಗೆ ಸಿಗಬಾರ್ದು ಅಂತ. ಮೂರು ಹೊತ್ತು ಕೂತ್ಕೊಳ್ಳಿ ಕೂತ್ಕೊಳ್ಳಿ ಅಂತೀಯಲ್ಲ. ನಾನೇನು ಬಸುರಿನಾ? ಆ ಮೇಲಿನವಳು ನನ್ನನ್ನ ಚಿಕ್ಕ ಮಗು ಅಂದಳು, ನೀನು ಹೂಂ ಅಂದೆ. ಬಾಗಿಲಲ್ಲಿ ನಿಂತು ಹೂಂ ಅಂದೆ, ನನ್ನ ಕಿವಿ ಚೆನ್ನಾಗಿದೆ."

"ಏನಕ್ಕಾ ಅದು?" ಎಂದು ತಮ್ಮ ಹಾಲ್‌ನಿಂದ ಕೂಗಿದ.

"ನೀನು ಟಿವಿ ನೋಡು," ಎಂದಳು ಅಕ್ಕ.

"ನೀವು ಟಿವಿ ನೋಡಿ," ಎಂದಳು ಅವನ ಹೆಂಡತಿ. ಅವನು ಟಿವಿಯ ದನಿ ಜಾಸ್ತಿ ಮಾಡಿದ.

ತಮ್ಮನ ಹೆಂಡತಿ ಹಾಳೆಯ ಮೂಲೆ ಹಿಡಿದು ಎಳೆದಳು. ಅಂಚಿಗೆ ಅಂಟಿಸಿದ್ದ ಪಟ್ಟಿ ಬಿಡಲಿಲ್ಲ. ಇನ್ನೊಮ್ಮೆ, ಕಾಲು ಊರಿ ಎಳೆದಳು. ಹೂಗಳ ನಡುವೆ ಉದ್ದಕ್ಕೆ ಹರಿದು ಬಂತು. ಕಿಟಕಿಯ ಬೆಳಕು ಬಂದು ಕಲ್ಲಿನ ಮೇಲೆ ಬಿದ್ದು, ಹೊಳೆಯುವ ಕಡೆ ಹೊಳೆದು, ಹೊಳೆಯದ ಕಡೆ ಸತ್ತುಹೋಯಿತು. ಇಬ್ಬರೂ ನೋಡಿದರು. ಅಕ್ಕನಿಗೆ ತನ್ನ ಕೈಯ ಸುತ್ತುಗಳು ಗುರುತು ಸಿಕ್ಕವು. ಮೊದಲ ಎರಡು ಸುತ್ತು ಸಣ್ಣವು, ಹಗುರ. ಆಮೇಲಿನವು ದೊಡ್ಡವು, ಭುಜದಿಂದ ಬಂದವು. ನೋಡುವ ಕಣ್ಣಿದ್ದವರಿಗೆ ಮೊದಲ ದಿನವೇ ಕಾಣಬೇಕಿತ್ತು. ಯಾರೂ ನೋಡಿರಲಿಲ್ಲ, ಕ್ಷಮಿಸುವ ಅವಸರದಲ್ಲಿ. ಅವಳಿಗೆ ಕಲ್ಲಿನ ಬಗ್ಗೆ ಈಗ ನಿಜವಾಗಿ ಸಂಕಟವಾಯಿತು. ಬಿಸಿಲಲ್ಲಿ ನಿಂತು, ನೀರು ಚಿಮುಕಿಸಿ. ಅದನ್ನು ಯಾರೂ ಅವಳಿಗೆ ಹೇಳಿರಲಿಲ್ಲ. ಹೇಳಿದ್ದರೆ ಕೈ ನಿಂತಲ್ಲೇ ನಿಲ್ಲುತ್ತಿತ್ತೇ? ನಿಲ್ಲುತ್ತಿತ್ತು ಎಂದು ಹೇಳಿಕೊಳ್ಳುವಷ್ಟು ಧೈರ್ಯ ಅವಳಿಗೆ ಇರಲಿಲ್ಲ. ಸಂಕಟವಾಯಿತೆಂದು ಸಿಟ್ಟೇನೂ ಇಳಿಯಲಿಲ್ಲ.

"ಇದನ್ನ ಮತ್ತೆ ಹೊಳಪು ಮಾಡಕ್ಕೆ ನಿಮ್ಮ ಕೈಲಿ ಆಗತ್ತಾ?"

"ಇಲ್ಲ. ಇದು ನನ್ನ ಕೆಲಸ ಅಲ್ಲ. ಲೋಹ ಆದ್ರೆ ಹೊಳಪು ತರ್ತಿದ್ದೆ. ಕಲ್ಲು ನನಗೆ ಬರಲ್ಲ."

"ಹಾಗಾದ್ರೆ ಇದು ಹೀಗೇ ಇರತ್ತೆ."

"ಇರತ್ತೆ."

"ನಾನು ದಿನಾ ಇದನ್ನ ನೋಡ್ತೀನಿ. ದಿನಾ ನಿಮ್ಮ ಮೇಲೆ ಸಿಟ್ಟು ಬರತ್ತೆ. ಹೇಳಿರ್ತೀನಿ ಈಗ್ಲೇ."

"ಬರ್ಲಿ. ಬಂದಾಗ ಬೈದುಬಿಡು. ನಗಬೇಡ."

ತಮ್ಮನ ಹೆಂಡತಿ ಹರಿದ ಹಾಳೆಯನ್ನು ಮುದ್ದೆ ಮಾಡಿ ಕಸದ ಡಬ್ಬಿಗೆ ತುರುಕಿದಳು; ಅದು ಮತ್ತೆ ಮತ್ತೆ ಬಿಚ್ಚಿಕೊಂಡು ಮೇಲೆದ್ದು ಬಂತು, ಕಾಲಲ್ಲಿ ಒತ್ತಿದಳು. ಆಮೇಲೆ ಫ್ರಿಜ್ಜಿನಿಂದ ಹುರುಳಿಕಾಯಿಯ ಕಟ್ಟು ತೆಗೆದು ಮಂಕಾದ ಕಲ್ಲಿನ ಮೇಲೆ ಎಸೆದಳು. ಪಕ್ಕದಲ್ಲಿ ಮಣೆ ಬಡಿದಿಟ್ಟಳು, ಚಾಕು ಇಟ್ಟಳು.

"ಹೆಚ್ಚಿ. ಹೊತ್ತಾಯ್ತು."

ಅಕ್ಕ ಸೆರಗು ಬಿಗಿದುಕೊಂಡು ಮಣೆಯ ಮುಂದೆ ನಿಂತಳು. ಈ ಮನೆಯಲ್ಲಿ ಬೇರೆಯವರು ಅವಳ ಮುಂದೆ ಚಾಕು ಇಟ್ಟದ್ದು ಇದೇ ಮೊದಲು. ಒಂದೊಂದು ಕಾಯಿಯ ತುದಿ ಮುರಿದು, ನಾರು ಎಳೆದು, ಮುಷ್ಟಿಯಷ್ಟನ್ನು ಜೋಡಿಸಿ ಹಿಡಿದು, ಎದುರು ಯಾರನ್ನೂ ನೋಡದೆ, ತನ್ನ ಮನೆಯ ಅಳತೆಗೆ ದೊಡ್ಡದಾಗಿ ಹೆಚ್ಚಿ ತಟ್ಟೆಗೆ ಹಾಕಿದಳು. ಚಾಕು ಮಣೆಗೆ ತಾಗುವ ಸದ್ದು ಟಿವಿಯ ಸದ್ದಿಗಿಂತ ಜೋರಾಗಿತ್ತು. ತಮ್ಮನ ಹೆಂಡತಿ ಒಲೆಯ ಮುಂದೆ ಬೆನ್ನು ತಿರುಗಿಸಿ ನಿಂತಿದ್ದಳು. ಹೆಚ್ಚಿದ್ದು ಮುಗಿದ ಮೇಲೆ ತಿರುಗಿ, ತಟ್ಟೆ ಎತ್ತಿ, ಹೋಳುಗಳನ್ನು ನೋಡಿದಳು. ಪರವಾಗಿಲ್ಲ ಅಕ್ಕ ಎನ್ನಲಿಲ್ಲ, ಮೂಗು ಮುರಿದಳು. ಅಕ್ಕನ ಕೈಯಿಂದ ಚಾಕು ಕಿತ್ತುಕೊಂಡು, ತಟ್ಟೆಯಲ್ಲಿದ್ದುದನ್ನು ಮತ್ತೆ ಮಣೆಗೆ ಸುರಿದು, ಅವಳ ಎದುರೇ ಒಂದೊಂದು ಹೋಳನ್ನೂ ಎರಡೆರಡಾಗಿ ಹೆಚ್ಚತೊಡಗಿದಳು.